ಊರು ಬೆಳೆಯುತ್ತಿದೆಯೋ, ಊರಾಚೆ ಬೆಳೆಯುತ್ತಿದೆಯೋ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಲೆಕ್ಕ

ಬೆಂಗಳೂರಿನಲ್ಲಿ ಮೂವತ್ತು–ನಲವತ್ತರ ಸೈಟು ಕೈಗೆಟುಕದೆ ಹೋದವರ ಮುಂದೆ ದಲ್ಲಾಳಿಗಳು ಈಗ ಮೂರು ಊರಿನ ಹೆಸರು ಇಡುತ್ತಾರೆ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ. ಮೂರೂ ಜಿಲ್ಲಾ ಕೇಂದ್ರಗಳು. ಮೂರಕ್ಕೂ ರಾಷ್ಟ್ರೀಯ ಹೆದ್ದಾರಿ ಇದೆ, ರೈಲಿದೆ, ಹೇಳಿಕೊಳ್ಳಲು ಒಂದು ಕೈಗಾರಿಕಾ ಪ್ರದೇಶವೋ ಒಂದು ಬೆಟ್ಟವೋ ಇದೆ. ತುಮಕೂರು, ಕೋಲಾರ ಎರಡೂ ರಾಜಧಾನಿಯಿಂದ ಎಪ್ಪತ್ತು ಕಿ.ಮೀ. ಆಸುಪಾಸು, ಚಿಕ್ಕಬಳ್ಳಾಪುರ ಇನ್ನೂ ಹತ್ತಿರ, ಐವತ್ತೈದರಷ್ಟು. ಬಣ್ಣದ ಕರಪತ್ರ ಬಿಚ್ಚಿದರೆ ಮೂರೂ ಒಂದೇ ಅಚ್ಚಿನ ಬೆಲ್ಲ.

ಒಳಹೊಕ್ಕು ನೋಡಿದರೆ ಬೆಳವಣಿಗೆಯ ಬಗೆಯೇ ಬೇರೆ. ತುಮಕೂರಿನಲ್ಲಿ ಊರೇ ಬೆಳೆಯುತ್ತಿದೆ. ಕೋಲಾರದಲ್ಲಿ ಬೆಳೆಯುತ್ತಿರುವುದು ಊರಾಚೆಯ ಹೋಬಳಿಗಳು. ಚಿಕ್ಕಬಳ್ಳಾಪುರದಲ್ಲಿ ಸದ್ಯಕ್ಕೆ ಎದ್ದು ಕಾಣುವುದು ಜಮೀನಿನ ಬೆಲೆ. ಹತ್ತು ವರ್ಷ ಬಿಟ್ಟು ಮಾರಿಬಿಡುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟಲಿಕ್ಕಿಲ್ಲ. ಹೋಗಿ ನೆಲೆಸುವವರಿಗೆ, ಅಂಗಡಿ ಇಡುವವರಿಗೆ, ಮಕ್ಕಳನ್ನು ಅಲ್ಲೇ ಓದಿಸಬೇಕಾದವರಿಗೆ ಮಾತ್ರ ಎಲ್ಲವೂ ಇದರ ಮೇಲೇ ನಿಂತಿದೆ.

ಜನಗಣತಿಯಲ್ಲಿ ಸಿಗುವ ಸುಳಿವು

ಕೈಯಲ್ಲಿರುವ ಕೊನೆಯ ಜನಗಣತಿ 2011ರದು. ಹಳೆಯದೇ, ಆದರೂ ಅದರಲ್ಲೊಂದು ಸುಳಿವಿದೆ. ತುಮಕೂರು ನಗರ ಆಗಲೇ ಮೂರು ಲಕ್ಷ ಮುಟ್ಟಿತ್ತು. ಅದೇ ಜಿಲ್ಲೆಯ ತಿಪಟೂರು, ಶಿರಾ ಎರಡೂ ಅರವತ್ತು ಸಾವಿರದ ಒಳಗೇ ಇದ್ದವು. ಅಂದರೆ ಹತ್ತು ತಾಲ್ಲೂಕಿನ ಜನಕ್ಕೆ ದೊಡ್ಡಾಸ್ಪತ್ರೆ, ಕಾಲೇಜು, ಮದುವೆ ಜವಳಿ, ಕೋರ್ಟು ಎಲ್ಲಕ್ಕೂ ಒಂದೇ ಊರು. ಪಾವಗಡದವರಾಗಲಿ ತುರುವೇಕೆರೆಯವರಾಗಲಿ ಏನೇ ದೊಡ್ಡ ಕೆಲಸವಿದ್ದರೂ ತುಮಕೂರಿನ ಬಸ್ಸು ಹತ್ತುತ್ತಾರೆ.

ಕೋಲಾರದ ಕತೆ ಬೇರೆ. ಕೋಲಾರ ನಗರ 1.38 ಲಕ್ಷ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ 1.62 ಲಕ್ಷ. ಗಣಿ ಮುಚ್ಚಿ ಹತ್ತು ವರ್ಷವಾದ ಮೇಲೂ ಗಣಿಯೂರೇ ಜಿಲ್ಲಾ ಕೇಂದ್ರಕ್ಕಿಂತ ದೊಡ್ಡದಾಗಿತ್ತು. ಚಿಕ್ಕಬಳ್ಳಾಪುರದಲ್ಲೂ ಇದೇ ತಮಾಷೆ: ಜಿಲ್ಲಾ ಕೇಂದ್ರ 64 ಸಾವಿರದ ಹತ್ತಿರ, ತಾಲ್ಲೂಕು ಕೇಂದ್ರ ಚಿಂತಾಮಣಿ 76 ಸಾವಿರ. ಜಿಲ್ಲಾಧಿಕಾರಿ ಕಚೇರಿ ಚಿಕ್ಕಬಳ್ಳಾಪುರಕ್ಕೆ ಬಂತು, ಪೇಟೆ ಚಿಂತಾಮಣಿಯಲ್ಲೇ ಉಳಿಯಿತು.

ಇದರ ಹಿಂದೆ 2007ರ ಜಿಲ್ಲಾ ವಿಭಜನೆ ಇದೆ. ಅಲ್ಲಿಯವರೆಗೆ ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿಯವರಿಗೂ ಕೋಲಾರವೇ ಜಿಲ್ಲಾ ಕೇಂದ್ರ. ವಿಭಜನೆಯಾದಾಗ ಕೋಲಾರ ತನ್ನ ಬೆನ್ನಿಗಿದ್ದ ಅರ್ಧ ಸೀಮೆಯನ್ನೇ ಕಳೆದುಕೊಂಡಿತು. ಕಚೇರಿ ಕೆಲಸಕ್ಕೆ ಬಂದವರು ಅಲ್ಲೇ ಊಟ ಮಾಡಿ, ಬಟ್ಟೆ ಕೊಂಡು, ಡಾಕ್ಟರ ಹತ್ತಿರ ಹೋಗಿ ವಾಪಸಾಗುತ್ತಾರೆ. ಸಣ್ಣ ನಗರದ ಪೇಟೆ ಬದುಕುವುದೇ ಹೀಗೆ. ಆ ವ್ಯಾಪಾರ ಕೋಲಾರದ ಕೈಬಿಟ್ಟಿತು, ಚಿಕ್ಕಬಳ್ಳಾಪುರಕ್ಕೂ ಪೂರ್ತಿ ಬರಲಿಲ್ಲ. ಶಿಡ್ಲಘಟ್ಟದವರು ರೇಷ್ಮೆಗೂಡಿನ ಮಾರುಕಟ್ಟೆಗೆ ತಮ್ಮೂರಲ್ಲೇ ಇರುತ್ತಾರೆ, ಗೌರಿಬಿದನೂರಿನವರು ಗುಂತಕಲ್ ಮಾರ್ಗದ ರೈಲು ಹತ್ತಿ ನೇರ ಬೆಂಗಳೂರಿಗೇ ಹೋಗುತ್ತಾರೆ.

ತುಮಕೂರು: ಸ್ವಂತ ಕಾಲಿನ ಊರು, ಒಂದೇ ಕುತ್ತಿಗೆ

ಬೆಂಗಳೂರು ನಾಳೆ ಬಾಗಿಲು ಹಾಕಿದರೂ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ವ್ಯಾಪಾರ ನಿಲ್ಲುವುದಿಲ್ಲ. ಮೊದಲ ಕಾರಣ ವಿದ್ಯೆ. ಸಿದ್ದಗಂಗಾ ಮಠದ ಉಚಿತ ವಿದ್ಯಾರ್ಥಿನಿಲಯ ತಲೆಮಾರುಗಳಿಂದ ಬೇರೆ ಬೇರೆ ಜಿಲ್ಲೆಯ ಹುಡುಗರನ್ನು ಇಲ್ಲಿಗೆ ಕರೆತಂದಿದೆ. ಮಠದ ಎಂಜಿನಿಯರಿಂಗ್ ಕಾಲೇಜು 1963ರದು, ವಿಶ್ವವಿದ್ಯಾಲಯ 2004ರದು. ಖಾಸಗಿ ವೈದ್ಯಕೀಯ ಕಾಲೇಜುಗಳೂ ಇವೆ. ಕಾಲೇಜು ತೆರೆದ ಊರಲ್ಲಿ ಬಾಡಿಗೆ ಕೋಣೆ, ಮೆಸ್ಸು, ಜೆರಾಕ್ಸ್ ಅಂಗಡಿ, ಬೈಕ್ ಗ್ಯಾರೇಜು ತಾನಾಗಿ ಹುಟ್ಟುತ್ತವೆ. ವಿದ್ಯಾರ್ಥಿ ಬಾಡಿಗೆ ದೊಡ್ಡ ಮೊತ್ತವಲ್ಲ, ಆದರೆ ಒಂದು ಕಾರ್ಖಾನೆ ಮುಚ್ಚಿತೆಂದು ಅದು ನಿಲ್ಲುವುದಿಲ್ಲ.

ಕಾರ್ಖಾನೆ ಮುಚ್ಚುವುದನ್ನು ಈ ಊರು ಕಣ್ಣಾರೆ ಕಂಡಿದೆ. 1978ರಲ್ಲಿ ಶುರುವಾದ ಎಚ್‌ಎಂಟಿ ಕೈಗಡಿಯಾರ ಘಟಕ ಒಂದು ಕಾಲಕ್ಕೆ ಇಲ್ಲಿಯ ಹೆಮ್ಮೆ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು, ಮುಂದೆ ಆ ಜಾಗ ಇಸ್ರೋ ಪಾಲಾಯಿತು. ಕೆಲಸ ಕಳೆದುಕೊಂಡ ಮನೆಗಳಿಗೆ ಪೆಟ್ಟು ಬಿತ್ತು. ಊರು ಮಾತ್ರ ಕುಸಿಯಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಹೊಟ್ಟೆಪಾಡಿಗೆ ಬೇರೆ ಹತ್ತು ದಾರಿಗಳಿದ್ದವು. ಒಂದೇ ಕಂಪನಿಯ ಮೇಲೆ ನಿಂತಿದ್ದ ಕೆಜಿಎಫ್‌ಗೆ ಈ ಅನುಕೂಲ ಇರಲಿಲ್ಲ.

ಹೊಸ ಕೈಗಾರಿಕೆಯ ಭಾರವೆಲ್ಲ ಶಿರಾ ದಿಕ್ಕಿನ ವಸಂತನರಸಾಪುರದ ಮೇಲಿದೆ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನಲ್ಲಿ ತುಮಕೂರು ಒಂದು ಕೇಂದ್ರ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಇದಕ್ಕೆ 1,701 ಕೋಟಿ ರೂಪಾಯಿ ಚಿಲ್ಲರೆಯ ಯೋಜನೆ ಒಪ್ಪಿತು. 2014ರಲ್ಲಿ ಅಲ್ಲೇ ಆಹಾರ ಪಾರ್ಕ್ ಉದ್ಘಾಟನೆಯಾಗಿತ್ತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಘಟಕ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಹೆಸರು ದೊಡ್ಡದು. ಆದರೆ ಹೆಲಿಕಾಪ್ಟರ್ ಘಟಕ ಎಂದರೆ ಮೊದಲ ಹಂತದಲ್ಲಿ ವರ್ಷಕ್ಕೆ ಮೂವತ್ತರಷ್ಟು ಯಂತ್ರ ಜೋಡಿಸುವ ಕೆಲಸ, ಗಾರ್ಮೆಂಟ್ಸ್‌ನಂತೆ ಸಾವಿರಾರು ಕೈಗಳು ಬೇಡ. ಅದರಿಂದ ಊರಿಗೆ ನಿಜವಾಗಿ ದಕ್ಕುವುದು ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳು ಸುತ್ತ ಬೆಳೆದಾಗ. ಪೀಣ್ಯ ಬೆಳೆದದ್ದು ಹಾಗೆಯೇ. ಸೈಟು ಕೊಳ್ಳುವವರು "ಎಚ್‌ಎಎಲ್ ಪಕ್ಕದಲ್ಲೇ" ಎಂಬ ಮಾತಿಗೆ ಮರುಳಾಗುವ ಬದಲು ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಶೆಡ್ಡುಗಳಲ್ಲಿ ಎಷ್ಟರಲ್ಲಿ ಲೇತು ತಿರುಗುತ್ತಿದೆ, ಎಷ್ಟಕ್ಕೆ ಬೀಗ ಬಿದ್ದಿದೆ ಎಂದು ನೋಡಿಕೊಂಡು ಬರಲಿ.

ದೌರ್ಬಲ್ಯ ಎಲ್ಲಿ ಅಂದರೆ ರಸ್ತೆಯಲ್ಲಿ. ಬೆಂಗಳೂರಿಗೆ ಹೋಗುವುದಕ್ಕೆ ನಿಜವಾದ ದಾರಿ ಒಂದೇ, ಅದು ನೆಲಮಂಗಲದ ಮೇಲೆ ಹಾದು ಪೀಣ್ಯದ ಮೇಲ್ಸೇತುವೆಗೆ ಬರಬೇಕು. 2021ರ ಡಿಸೆಂಬರ್‌ನಲ್ಲಿ ಆ ಮೇಲ್ಸೇತುವೆಯ ಎರಡು ಕಂಬಗಳ ನಡುವೆ ಕೇಬಲ್ ದೋಷ ಸಿಕ್ಕಿ ಸಂಚಾರ ನಿಂತಿತು. ಸಣ್ಣ ವಾಹನಗಳಿಗೆ 2022ರ ಫೆಬ್ರುವರಿಯಲ್ಲಿ ಬಿಟ್ಟರು, ಭಾರಿ ವಾಹನಗಳಿಗೆ ಬಿಡುವ ಹೊತ್ತಿಗೆ 2024ರ ಜುಲೈ ಬಂತು. ಬಸ್ಸುಗಳೆಲ್ಲ ಅಷ್ಟು ಕಾಲ ಕೆಳಗಿನ ರಸ್ತೆಯಲ್ಲಿ ಲಾರಿಗಳ ಜೊತೆ ತೆವಳಿದವು. ಇದರ ಮೇಲೆ ನೆಲಮಂಗಲ–ತುಮಕೂರು ನಡುವಿನ ಆರು ಪಥದ ಕಾಮಗಾರಿ ಎಳೆದಾಡಿದ್ದರಿಂದ ಅಲ್ಲಲ್ಲಿ ಸರ್ವಿಸ್ ರಸ್ತೆಗೆ ಇಳಿದು ಹತ್ತುವ ಗೋಳು.

ದಿನವೂ ಓಡಾಡುವವರ ಲೆಕ್ಕ ಹೀಗೆ ಹಾಕಬೇಕು: ಮನೆಯಿಂದ ಕಚೇರಿ ಬಾಗಿಲಿಗೆ ಒಂದು ದಿಕ್ಕಿಗೆ ಎರಡು ಗಂಟೆ ಹಿಡಿದರೆ ತಿಂಗಳ ಇಪ್ಪತ್ತೈದು ದಿನಕ್ಕೆ ನೂರು ಗಂಟೆ. ಅದನ್ನು ಕಡಿಮೆ ಮಾಡುವುದು ರೈಲು ಮಾತ್ರ. ತುಮಕೂರು–ಯಶವಂತಪುರ ಜೋಡಿ ಮಾರ್ಗ, ವಿದ್ಯುದೀಕರಣವಾಗಿದೆ, ಯಶವಂತಪುರದಲ್ಲಿ ಇಳಿದರೆ ಹಸಿರು ಮಾರ್ಗದ ಮೆಟ್ರೊ ಎದುರಿಗೇ ಸಿಗುತ್ತದೆ. ಮಾಸಿಕ ಪಾಸ್ ತೆಗೆದುಕೊಂಡವರು ಎಡವುವುದು ಎರಡು ಕಡೆ. ಸೂಪರ್‌ಫಾಸ್ಟ್ ಗಾಡಿಗೆ ಪಾಸಿನ ಜೊತೆ ಸೂಪರ್‌ಫಾಸ್ಟ್ ಶುಲ್ಕ ಬೇರೆ ಕಟ್ಟಿರಬೇಕು. ಇನ್ನು ಪಾಸ್ ಇದೆಯೆಂದು ಕಾಯ್ದಿರಿಸಿದ ಬೋಗಿ ಹತ್ತಿದರೆ ದಂಡ ಖಚಿತ. ಬಸ್ಸಿನವರಿಗೆ ಈಗ ಮಾದಾವರವಿದೆ. 2024ರ ನವೆಂಬರ್‌ನಲ್ಲಿ ಮೆಟ್ರೊ ಅಲ್ಲಿಯವರೆಗೆ ಬಂದ ಮೇಲೆ ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯದ ದಟ್ಟಣೆಗೆ ಸಿಗದೆ ಇಳಿದುಕೊಳ್ಳಬಹುದು. ಮಾದಾವರದಿಂದ ತುಮಕೂರಿಗೇ ಮೆಟ್ರೊ ಎಂಬುದು ಇನ್ನೂ ಕಾಗದದ ಮೇಲಿನ ಮಾತು. ಅದಕ್ಕೆ ಇವತ್ತೇ ಬೆಲೆ ತೆತ್ತು ಸೈಟು ಕೊಳ್ಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಊರೊಳಗಿನ ಸ್ಮಾರ್ಟ್ ಸಿಟಿ ಕೆಲಸದ ಬಗ್ಗೆ ಒಂದು ಮಾತು. 2016ರಲ್ಲಿ ತುಮಕೂರು ಆಯ್ಕೆಯಾಯಿತು. ಅಮಾನಿಕೆರೆ ದಂಡೆ, ಬಸ್ ನಿಲ್ದಾಣ, ಮುಖ್ಯ ರಸ್ತೆಗಳ ರೂಪ ಬದಲಾದದ್ದು ನಿಜ. ಒಳಚರಂಡಿ, ನೀರಿನ ಕೊಳವೆ, ಗ್ಯಾಸ್, ವಿದ್ಯುತ್ ಕೇಬಲ್ ಇವೆಲ್ಲ ಬೇರೆ ಬೇರೆ ಗುತ್ತಿಗೆ, ಬೇರೆ ಬೇರೆ ಇಲಾಖೆ. ಒಬ್ಬರು ಡಾಂಬರು ಹಾಕಿ ಹೋದ ಮೇಲೆ ಇನ್ನೊಬ್ಬರು ಅಗೆದರು. ಅಗೆದ ಗುಂಡಿಗೆ ಮಣ್ಣನ್ನು ಪದರ ಪದರವಾಗಿ ನೀರು ಬಿಟ್ಟು ದಮ್ಮಸ್ಸು ಮಾಡದೆ ಒಮ್ಮೆಲೆ ಸುರಿದು ಮೇಲೆ ಕಾಂಕ್ರೀಟು ಎಳೆದರೆ ಒಂದು ಮಳೆಗಾಲ ಮುಗಿಯುವುದರಲ್ಲಿ ಅಲ್ಲಿ ಉದ್ದಕ್ಕೆ ಕುಸಿತ ಬೀಳುತ್ತದೆ. ಮನೆ ನೋಡಲು ಹೋದವರು ಬೀದಿಯ ಈ ಉದ್ದ ಕುಸಿತವನ್ನು ಗಮನಿಸಿದರೆ ಆ ಬಡಾವಣೆಗೆ ಯಾವ ಕೊಳವೆ ಬಂದಿದೆ, ಯಾವುದು ಇನ್ನೂ ಬರಬೇಕು ಎಂಬುದರ ಅರ್ಧ ಉತ್ತರ ಸಿಕ್ಕಿತು.

ಕೋಲಾರ: ಕಾರ್ಖಾನೆ ನರಸಾಪುರದಲ್ಲಿ, ತೆರಿಗೆಯೂ ಅಲ್ಲೇ

ಉದ್ಯೋಗದ ಸಂಖ್ಯೆ ಮಾತ್ರ ನೋಡಿದರೆ ಮೂರು ಜಿಲ್ಲೆಗಳಲ್ಲಿ ಕೋಲಾರದ ಕೈ ಮೇಲು. ಹೋಂಡಾ ಸ್ಕೂಟರ್ ಘಟಕ ನರಸಾಪುರದಲ್ಲಿ 2013ರಿಂದ ನಡೆಯುತ್ತಿದೆ. ಅಲ್ಲೇ ವಿಸ್ಟ್ರಾನ್ ಐಫೋನ್ ಘಟಕ ಬಂತು, 2023ರಲ್ಲಿ ಅದನ್ನು ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡಿತು. ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳು ತುಂಬುತ್ತಿವೆ. ಇಷ್ಟೆಲ್ಲ ಇದ್ದೂ ಕೋಲಾರ ನಗರದ ಕ್ಲಾಕ್ ಟವರ್ ಸುತ್ತಿನ ಪೇಟೆಗೆ ಅದರ ಬಿಸಿ ತಟ್ಟಿದ್ದು ಕಡಿಮೆ. ಯಾಕೆ?

ನರಸಾಪುರ ಇರುವುದು ಕೋಲಾರದಿಂದ ಬೆಂಗಳೂರು ಕಡೆಗೆ ಹದಿನೈದು ಕಿ.ಮೀ. ಆಚೀಚೆ. ಎಂಜಿನಿಯರು, ಮ್ಯಾನೇಜರುಗಳು ಹೊಸಕೋಟೆಯಲ್ಲೋ ವೈಟ್‌ಫೀಲ್ಡಿನಲ್ಲೋ ಮನೆ ಮಾಡಿಕೊಂಡು ಕಂಪನಿ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಲೈನಿನಲ್ಲಿ ನಿಲ್ಲುವ ಹುಡುಗ ಹುಡುಗಿಯರು ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಾರೆ, ಇಲ್ಲವೇ ಘಟಕದ ಆಸುಪಾಸಿನ ಹಾಸ್ಟೆಲ್‌ನಲ್ಲಿರುತ್ತಾರೆ. ಊಟ ಕ್ಯಾಂಟೀನಿನಲ್ಲೇ. ಸಂಬಳದ ದುಡ್ಡು ನಗರವನ್ನು ಹಾಯದೆ ಹಳ್ಳಿಗೆ ಹೋಗುತ್ತದೆ. ಕೈಗಾರಿಕಾ ಪ್ರದೇಶ ನಗರಸಭೆಯ ಗಡಿಯೊಳಗೆ ಇಲ್ಲದ ಕಾರಣ ಆಸ್ತಿ ತೆರಿಗೆಯ ಒಂದು ರೂಪಾಯಿಯೂ ಕೋಲಾರದ ಚರಂಡಿಗೆ, ಬೀದಿದೀಪಕ್ಕೆ ಬರುವುದಿಲ್ಲ. ವೇಮಗಲ್–ಕುರುಗಲ್ ಈಗ ಪಟ್ಟಣ ಪಂಚಾಯಿತಿಯಾಗಿದೆ, ಅಂದರೆ ಕಾರ್ಖಾನೆಯ ಪಕ್ಕ ಬೇರೆಯೇ ಒಂದು ಊರು ತಲೆಯೆತ್ತುತ್ತಿದೆ. ಹತ್ತು ವರ್ಷದಲ್ಲಿ ವ್ಯಾಪಾರ ಹೆಚ್ಚುವುದು ಎಲ್ಲಿ ಎಂದು ಕೇಳಿದರೆ ನಮ್ಮ ಬೆರಳು ಕೋಲಾರ ನಗರಕ್ಕಿಂತ ವೇಮಗಲ್, ಮಾಲೂರಿನ ಕಡೆಗೇ ತಿರುಗುತ್ತದೆ.

ಉದ್ಯೋಗದ ಗುಣವನ್ನೂ ನೋಡಬೇಕು. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಘಟಕದಲ್ಲಿ ನಡೆದ ದಾಂಧಲೆ ದೇಶಕ್ಕೆಲ್ಲ ಸುದ್ದಿಯಾಯಿತು. ಅದರ ಬೇರು ಇದ್ದದ್ದು ಗುತ್ತಿಗೆ ಏಜೆನ್ಸಿಗಳ ಮೂಲಕ ತೆಗೆದುಕೊಂಡ ಸಾವಿರಾರು ಜನರ ಹಾಜರಿ, ಸಂಬಳದ ಲೆಕ್ಕದಲ್ಲಿ. ಎಂಟು ಗಂಟೆಯ ಪಾಳಿ ಹನ್ನೆರಡಾದಾಗ ಹೆಚ್ಚುವರಿ ಗಂಟೆಯ ಹಣ ಸರಿಯಾಗಿ ಬರಲಿಲ್ಲ ಎಂಬುದು ಕಾರ್ಮಿಕರ ದೂರು. ಈಗ ಕೆಲಸಕ್ಕೆ ಸೇರುವ ಡಿಪ್ಲೊಮಾ, ಐಟಿಐ ಹುಡುಗರು ಕೇಳಿಕೊಳ್ಳಬೇಕಾದ್ದು ಕಂಪನಿಯ ಹೆಸರಲ್ಲ, ನೇಮಕಾತಿ ಪತ್ರದ ಮೇಲೆ ಯಾರ ಸಹಿ ಇದೆ ಎಂಬುದನ್ನು. ಏಜೆನ್ಸಿಯದಾದರೆ ಪಿಎಫ್‌ನ ಯುಎಎನ್ ಸಂಖ್ಯೆ ಮೊದಲ ತಿಂಗಳಲ್ಲೇ ಬಂತೇ, ಇಎಸ್‌ಐ ಕಾರ್ಡ್ ಕೊಟ್ಟರೇ, ಓವರ್‌ಟೈಮ್ ದುಪ್ಪಟ್ಟು ದರದಲ್ಲಿ ಪೇ ಸ್ಲಿಪ್‌ನಲ್ಲಿ ಬೇರೆಯಾಗಿ ಕಾಣುತ್ತಿದೆಯೇ ಎಂದು ನೋಡಬೇಕು. ಇವು ಮೂರರಲ್ಲಿ ಒಂದು ತಪ್ಪಿದರೂ ಮುಂದೆ ಏಜೆನ್ಸಿ ಬದಲಾದಾಗ ಸೇವೆಯ ಲೆಕ್ಕ ಮತ್ತೆ ಸೊನ್ನೆಯಿಂದ.

ಕೋಲಾರ ನಗರದ ಸ್ವಂತ ದುಡಿಮೆ ಎಂದರೆ ಎಪಿಎಂಸಿ ಟೊಮೆಟೊ. ಹದಿನೈದು ಕೆ.ಜಿ.ಯ ಬಾಕ್ಸು ಇಲ್ಲಿಯ ಅಳತೆ. 2023ರ ಜುಲೈನಲ್ಲಿ ಅದೇ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ಹಂಗಾಮಿನಲ್ಲಿ ಕೂಲಿ, ಬಾಡಿಗೆಯೂ ಹುಟ್ಟದೆ ರಸ್ತೆಗೆ ಸುರಿದದ್ದೂ ಉಂಟು. ಈ ಏರಿಳಿತ ಪೇಟೆಯ ಮೇಲೆ ಹಾಗೇ ಅಚ್ಚೊತ್ತುತ್ತದೆ. ಬೆಲೆ ಬಂದ ವರ್ಷ ಟ್ರ್ಯಾಕ್ಟರ್ ಶೋರೂಮಿನಲ್ಲಿ ಸಾಲು, ಬೀಳುವ ವರ್ಷ ಕಿರಾಣಿ ಅಂಗಡಿಯ ಸಾಲದ ಪುಸ್ತಕ ದಪ್ಪ. ಇಲ್ಲಿ ಅಂಗಡಿ ಇಡುವವರು ಒಂದು ವರ್ಷದ ವ್ಯಾಪಾರ ನೋಡಿ ಬಾಡಿಗೆ ಕರಾರು ಮಾಡಿಕೊಳ್ಳಬಾರದು.

ರೈಲಿನ ವಿಷಯದಲ್ಲಿ ಕೋಲಾರದ ದುರದೃಷ್ಟ ನಕ್ಷೆಯಲ್ಲೇ ಬರೆದಿದೆ. ಬೆಂಗಳೂರು–ಚೆನ್ನೈ ಮುಖ್ಯ ಮಾರ್ಗ ಮಾಲೂರು, ಬಂಗಾರಪೇಟೆಯ ಮೇಲೆ ಹೋಗುತ್ತದೆ, ಕೋಲಾರವನ್ನು ಮುಟ್ಟುವುದಿಲ್ಲ. ನಗರದಲ್ಲಿರುವುದು ಬಂಗಾರಪೇಟೆ–ಚಿಕ್ಕಬಳ್ಳಾಪುರ ಒಂಟಿ ಮಾರ್ಗ. ನ್ಯಾರೋಗೇಜ್ ಕಾಲದ ಹಳಿಯನ್ನು ಕೋಲಾರದಿಂದ ಆಚೆಗೆ ಬ್ರಾಡ್‌ಗೇಜ್ ಮಾಡಿ ಮುಗಿಸಿದ್ದು 2013ರಲ್ಲಿ. ದಿನವೂ ಬೆಂಗಳೂರಿಗೆ ಹೋಗುವವರಿಗೆ ಮಾಲೂರು ಅಥವಾ ಬಂಗಾರಪೇಟೆಯೇ ವಾಸಿ. ವೈಟ್‌ಫೀಲ್ಡ್ ನಿಲ್ದಾಣದಲ್ಲಿ ಇಳಿದರೆ ಕಾಡುಗೋಡಿ ಮೆಟ್ರೊ ಹತ್ತಿರದಲ್ಲೇ ಇದೆ. ಕೆಜಿಎಫ್ ಬದುಕಿರುವುದೇ ಈ ರೈಲಿನಿಂದ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ಗಾಡಿಗಳೇ ಅಲ್ಲಿಯ ಮನೆಗಳ ಒಲೆ ಉರಿಸಿದವು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಕೂಡ ಹೊಸಕೋಟೆಯಿಂದ ಮಾಲೂರು, ಕೆಜಿಎಫ್ ಕಡೆಗೆ ಹಾಯ್ದು ಕೋಲಾರ ನಗರವನ್ನು ಎಡಕ್ಕೆ ಬಿಟ್ಟಿದೆ. ಅದು ಪ್ರವೇಶ ನಿಯಂತ್ರಿತ ರಸ್ತೆ. ಮನೆಯ ಮುಂದೆಯೇ ಹೋದರೂ ಇಂಟರ್‌ಚೇಂಜ್ ಇರುವಲ್ಲಿ ಮಾತ್ರ ಹತ್ತಬಹುದು, ಇಳಿಯಬಹುದು. "ಎಕ್ಸ್‌ಪ್ರೆಸ್‌ವೇ ಪಕ್ಕದ ಸೈಟು" ಎಂದವರನ್ನು ಇಂಟರ್‌ಚೇಂಜ್ ಎಷ್ಟು ದೂರ ಎಂದು ಕೇಳಿದರೆ ಬಹಳ ಸಲ ಮಾತು ಅಲ್ಲಿಗೇ ಮುಗಿಯುತ್ತದೆ.

ಚಿಕ್ಕಬಳ್ಳಾಪುರ: ವಾರಾಂತ್ಯದ ಆಕರ್ಷಣೆ

ಹವೆ ಚೆನ್ನಾಗಿದೆ, ನಂದಿಬೆಟ್ಟ ಪಕ್ಕದಲ್ಲಿದೆ, ವಿಮಾನ ನಿಲ್ದಾಣ ಅರ್ಧ ಗಂಟೆಯ ದಾರಿ. 2023ರ ಜನವರಿಯಲ್ಲಿ ಆವಲಗುರ್ಕಿಯ ಬಳಿ ಆದಿಯೋಗಿ ಮೂರ್ತಿ ಬಂದ ಮೇಲೆ ಶನಿವಾರ, ಭಾನುವಾರ ಹೆದ್ದಾರಿಯಲ್ಲಿ ಕಾರುಗಳ ಸಾಲು. ಈ ಜನ ಊರೊಳಗೆ ಬರುವುದಿಲ್ಲ. ಬಿ.ಬಿ. ರಸ್ತೆಯ ಹೋಟೆಲಿನವರಿಗೆ ಸೋಮವಾರದಿಂದ ಶುಕ್ರವಾರದವರೆಗೆ ಗಿರಾಕಿ ಎಂದರೆ ಈಗಲೂ ಹೂವು, ದ್ರಾಕ್ಷಿ, ತರಕಾರಿ ತರುವ ರೈತರು ಮತ್ತು ಕಚೇರಿಗೆ ಬಂದವರು. ದೊಡ್ಡ ಉದ್ಯೋಗದಾತರೆಲ್ಲ ದೇವನಹಳ್ಳಿ, ದೊಡ್ಡಬಳ್ಳಾಪುರದ ಗಡಿಯಲ್ಲೇ ನಿಂತಿದ್ದಾರೆ.

ಊರಿನ ಸುತ್ತ ಬಡಾವಣೆಗಳಿಗೆ ಬರವಿಲ್ಲ. ಕಲ್ಲು ಕಂಬ, ಕಮಾನು, ಬೀದಿದೀಪ ಎಲ್ಲ ಇವೆ, ಮನೆ ಮಾತ್ರ ನೂರಕ್ಕೆ ಐದಾರು. ಇಂಥ ಕಡೆ ಮೊದಲು ಕಟ್ಟಿದವರ ಪಾಡು ಕಷ್ಟ: ಪಂಚಾಯಿತಿಗೆ ಹಸ್ತಾಂತರವಾಗದ ಬಡಾವಣೆಯಲ್ಲಿ ನೀರು, ಕಸ, ದೀಪ ಎಲ್ಲಕ್ಕೂ ಡೆವಲಪರ್‌ನನ್ನೇ ಕಾಡಬೇಕು, ಅವನು ಕೊನೆಯ ಸೈಟು ಮಾರಿ ಹೋಗಿರುತ್ತಾನೆ. ಒಂದು ಊರಿಗೆ ನಿಜವಾದ ಬೇಡಿಕೆ ಇದೆಯೇ ಎಂದು ತಿಳಿಯಲು ಸೈಟಿನ ಬೆಲೆಗಿಂತ ಮನೆ ಬಾಡಿಗೆ ನಂಬಿಕಸ್ತ ಗುರುತು. ಬಾಡಿಗೆ ಕೊಡುವವನು ಇವತ್ತಿನ ಅಗತ್ಯಕ್ಕೆ ಕೊಡುತ್ತಾನೆ, ಸೈಟು ಕೊಳ್ಳುವವನು ನಾಳಿನ ಆಸೆಗೆ. ವರ್ಷದ ಬಾಡಿಗೆಯನ್ನು ಮನೆಯ ಬೆಲೆಯಿಂದ ಭಾಗಿಸಿ ನೋಡಿ. ನೂರಕ್ಕೆ ಎರಡಕ್ಕಿಂತ ಕೆಳಗಿದ್ದರೆ ಬೆಲೆಯಲ್ಲಿ ಆಸೆಯ ಪಾಲೇ ಹೆಚ್ಚು.

ನೀರು ಯಾರ ಊರಿನದು

ಮೂರೂ ಊರಿನ ಹಣೆಬರಹ ಕಡೆಗೆ ನಿಲ್ಲುವುದು ನೀರಿನಲ್ಲಿ. ಒಳಚರಂಡಿ ಇರುವ ನಗರಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಯೋಜನೆಯ ಅಳತೆ. ಮೂರು ಲಕ್ಷ ಜನಕ್ಕೆ ದಿನಕ್ಕೆ ನಾಲ್ಕು ಕೋಟಿ ಲೀಟರ್, ವರ್ಷಕ್ಕೆ ಅರ್ಧ ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಚಿಲ್ಲರೆ. ತುಮಕೂರಿಗೆ ಹೇಮಾವತಿ ನಾಲೆಯಿಂದ ಬುಗುಡನಹಳ್ಳಿ ಕೆರೆಗೆ ನೀರು ಬರುತ್ತದೆ, ಅಲ್ಲಿಂದ ನಗರಕ್ಕೆ. ಅರ್ಧ ಟಿಎಂಸಿ ದೊಡ್ಡದಲ್ಲ. ತೊಡಕು ಏನೆಂದರೆ ನಾಲೆ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಹರಿಯುತ್ತದೆ, ಉಳಿದ ತಿಂಗಳಿಗೆ ಕೆರೆಯಲ್ಲಿ ಕೂಡಿಟ್ಟದ್ದೇ ಗತಿ. ಹಾಗಾಗಿ ಏಪ್ರಿಲ್–ಮೇನಲ್ಲಿ ಎಷ್ಟು ದಿನಕ್ಕೊಮ್ಮೆ ನಲ್ಲಿ ಬರುತ್ತದೆ ಎಂದು ಕೇಳಬೇಕು. ಅಕ್ಟೋಬರ್‌ನಲ್ಲಿ ಕೇಳಿದರೆ ಎಲ್ಲ ಊರೂ ಸಮೃದ್ಧ. ಕುಣಿಗಲ್, ಮಾಗಡಿ ಕಡೆಗೆ ಹೇಮಾವತಿ ಲಿಂಕ್ ನಾಲೆ ತೋಡುವುದರ ವಿರುದ್ಧ ಗುಬ್ಬಿ, ತುಮಕೂರಿನ ರೈತರು ಬೀದಿಗಿಳಿದದ್ದರ ಹಿಂದೆಯೂ ಇದೇ ಭಯವಿದೆ: ಕೊನೆಯಂಚಿನ ಕೆರೆ ತುಂಬುವುದು ಯಾವಾಗ?

ಕೋಲಾರಕ್ಕೆ ನದಿಯೇ ಇಲ್ಲ ಎನ್ನುವುದು ರೂಢಿಯ ಮಾತು. ಬಂಗಾರಪೇಟೆ ತಾಲ್ಲೂಕಿನಲ್ಲಿ ಮಾರ್ಕಂಡೇಯ ಹೊಳೆಗೆ ಕಟ್ಟಿದ ಯರಗೋಳ್ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಗಿ ಕೋಲಾರ, ಮಾಲೂರು, ಬಂಗಾರಪೇಟೆಗೆ ಕುಡಿಯುವ ನೀರು ಕೊಡಬೇಕು. ಸಂಗ್ರಹ ಅರ್ಧ ಟಿಎಂಸಿಯಷ್ಟು. ಮೂರೂ ಊರಿನ 2011ರ ಜನಕ್ಕೆ ಬೇಕಾದದ್ದು ವರ್ಷಕ್ಕೆ ಸುಮಾರು 0.4 ಟಿಎಂಸಿ. ಆವಿಯಾಗುವುದು, ಕೊಳವೆಯಲ್ಲಿ ಸೋರುವುದು ಕಳೆದರೆ ಮಿಗುವುದು ಅತ್ಯಲ್ಪ, ಅದೂ ಅಣೆಕಟ್ಟು ತುಂಬಿದ ವರ್ಷ.

ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆ ಬೇರೆ ಬಗೆಯದು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡುವ ಈ ಕೆಲಸ 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಶುರುವಾಯಿತು; ಗುರಿ ದಿನಕ್ಕೆ 44 ಕೋಟಿ ಲೀಟರ್. ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. ವ್ಯಾಲಿಯದು (ಹೆಬ್ಬಾಳ–ನಾಗವಾರ ಕಣಿವೆ) 21 ಕೋಟಿ ಲೀಟರ್. ಸಾವಿರ, ಸಾವಿರದೈನೂರು ಅಡಿ ಕೊರೆದರೂ ಬತ್ತಿದ್ದ ಕಡೆ ಬೋರ್‌ವೆಲ್‌ಗಳಿಗೆ ಜೀವ ಬಂದಿದೆ, ಇದನ್ನು ಒಪ್ಪಿಕೊಳ್ಳಲೇಬೇಕು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಹೋರಾಟವೂ ಅಷ್ಟೇ ನ್ಯಾಯವಾದದ್ದು, ಏಕೆಂದರೆ ಆ ನೀರು ಅಂತರ್ಜಲಕ್ಕೆ ಇಳಿದು ಅದೇ ಬೋರ್‌ನಿಂದ ಮನೆಗೆ ಬರುತ್ತದೆ. ಈ ಕೆರೆಗಳ ಸುತ್ತ ಮನೆ ಮಾಡುವವರು ಬೋರ್ ನೀರನ್ನು ಫ್ಲೋರೈಡ್, ನೈಟ್ರೇಟ್, ಕೋಲಿಫಾರ್ಮ್ ಮೂರಕ್ಕೂ ಪರೀಕ್ಷೆ ಮಾಡಿಸಲಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಬರುವುದಿಲ್ಲ. ಕಾಯಿಸಿದರೆ ಕೀಟಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ.

ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡಗು ಜಲಾಶಯವಿದೆ, ಅದೂ ಮಳೆಯಾಶ್ರಿತ. ಊರು ಚಿಕ್ಕದಾದ್ದರಿಂದ ಇದುವರೆಗೆ ನಡೆದಿದೆ. ಮಾರಿದ ಸೈಟುಗಳಲ್ಲೆಲ್ಲ ಮನೆ ಎದ್ದರೆ ಸಾಲದು. ಮೂರೂ ಜಿಲ್ಲೆಗೆ ತೋರಿಸುವ ಮದ್ದು ಎತ್ತಿನಹೊಳೆ: 24.01 ಟಿಎಂಸಿಯ ಯೋಜನೆ, 2014ರಲ್ಲಿ ಶಂಕುಸ್ಥಾಪನೆ, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಚಾಲನೆ. ನಾಲೆಯ ದಿಕ್ಕು ಪಶ್ಚಿಮದಿಂದ ಪೂರ್ವಕ್ಕೆ, ಹಾಗಾಗಿ ಸರದಿಯಲ್ಲಿ ತುಮಕೂರು ಮೊದಲು, ಕೋಲಾರ ಕಟ್ಟಕಡೆಗೆ. ಅರಣ್ಯ ಜಮೀನಿನ ತಕರಾರು, ಕೊರಟಗೆರೆಯ ಬೈರಗೊಂಡ್ಲು ಜಲಾಶಯದ ಮುಳುಗಡೆ ಪರಿಹಾರದ ಜಗ್ಗಾಟ ಎರಡೂ ಮಧ್ಯದಲ್ಲಿವೆ.

ಕಾಗದ ನೋಡುವ ಕ್ರಮ

ಇಷ್ಟಾದ ಮೇಲೂ ಸೈಟು ಕೊಳ್ಳುವವರು ಕೊಳ್ಳುತ್ತಾರೆ. ಬಡಾವಣೆ 500 ಚದರ ಮೀಟರ್ ದಾಟಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು; ಆ ಸಂಖ್ಯೆಯನ್ನು ರೇರಾ ಜಾಲತಾಣದಲ್ಲಿ ಹಾಕಿ ನಕ್ಷೆ ತೆರೆದು ನಿಮಗೆ ತೋರಿಸಿದ ಸೈಟು ಅದರಲ್ಲಿ ಪಾರ್ಕ್ ಎಂದು ಗುರುತಾಗಿಲ್ಲವೇ ಎಂದು ನೋಡಿ. ಭೂಪರಿವರ್ತನೆ ಒಂದು, ಬಡಾವಣೆ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇನ್ನೊಂದು. "ಡಿಸಿ ಕನ್ವರ್ಷನ್ ಆಗಿದೆ" ಎಂದು ಮೊದಲನೆಯದನ್ನಷ್ಟೇ ತೋರಿಸಿ ಮಾರುವವರು ಬಹಳ. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಯ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಇರಬೇಕು. 11ಬಿ ಇದ್ದರೆ ಅದು ಅನುಮೋದನೆಯಿಲ್ಲದ ಆಸ್ತಿಯ ದಾಖಲೆ. ಬ್ಯಾಂಕ್ ಸಾಲಕ್ಕೆ ಹೋದಾಗ ಗೊತ್ತಾಗುತ್ತದೆ. ಹೆದ್ದಾರಿ ಪಕ್ಕವಾದರೆ ರಸ್ತೆಯ ಮಧ್ಯದಿಂದ 40 ಮೀಟರ್ ಒಳಗೆ ಕಟ್ಟುವ ಹಾಗಿಲ್ಲ, 75 ಮೀಟರ್‌ವರೆಗೆ ಹೆದ್ದಾರಿಯವರ ಒಪ್ಪಿಗೆ ಬೇಕು.

ಮೂರೂ ಜಿಲ್ಲೆಗಳಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಇನ್ನೆರಡು ಕಡೆ. ಒಂದು ಪಿಟಿಸಿಎಲ್, ಅಂದರೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಅದರ ಮಾರಾಟ ಅಸಿಂಧು, ಮತ್ತು 2023ರ ತಿದ್ದುಪಡಿಯ ನಂತರ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ನಡುವೆ ನಾಲ್ಕು ಕೈ ಬದಲಾಗಿದ್ದರೂ, ಮೇಲೆ ಮನೆ ಎದ್ದಿದ್ದರೂ ಅಸಿಸ್ಟೆಂಟ್ ಕಮಿಷನರ್ ಮುಂದೆ ಅರ್ಜಿ ಬರಬಹುದು. ಮೂವತ್ತು ವರ್ಷದ ಇಸಿಯಲ್ಲಿ (ಋಣಭಾರ ಪತ್ರ) ಇದು ಕಾಣುವುದಿಲ್ಲ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಮೂಲ ಸಾಗುವಳಿ ಚೀಟಿ, ಮಂಜೂರಾತಿ ಆದೇಶದ ನಕಲು ತೆಗೆಸಬೇಕು. ಇನ್ನೊಂದು ಕೆಐಎಡಿಬಿ, ಅಂದರೆ ಕೈಗಾರಿಕೆಗೆ ಜಮೀನು ವಶಪಡಿಸಿಕೊಳ್ಳುವ ಸರ್ಕಾರಿ ಮಂಡಳಿ. ಕೈಗಾರಿಕೆಗೆಂದು 28(1) ಪ್ರಾಥಮಿಕ ಅಧಿಸೂಚನೆ ಹೊರಟ ಸರ್ವೆ ನಂಬರಿನಲ್ಲಿ ಹಳೆಯ ಒಪ್ಪಂದ, ಜಿಪಿಎ (ಮಾಲೀಕ ಕೊಟ್ಟ ಅಧಿಕಾರ ಪತ್ರ) ಇಟ್ಟುಕೊಂಡು ಮಾರುವವರಿದ್ದಾರೆ. 28(4) ಅಂತಿಮ ಅಧಿಸೂಚನೆಯಾದ ಮೇಲೆ ಜಮೀನು ಸರ್ಕಾರದ್ದು. ಕೊಂಡವರು ಪರಿಹಾರಕ್ಕಾಗಿ ಮೂಲ ಮಾಲೀಕನ ಜೊತೆ ಕೋರ್ಟಿನಲ್ಲಿ ನಿಲ್ಲಬೇಕು. ವೇಮಗಲ್, ವಸಂತನರಸಾಪುರ, ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಸುತ್ತ ಜಮೀನು ನೋಡುವವರು ಮುಂಗಡ ಕೊಡುವ ದಿನವೇ ಹೊಸ ಪಹಣಿ ತೆಗೆಸಿ ಹನ್ನೊಂದನೇ ಕಾಲಂ (ಇತರೆ ಹಕ್ಕು, ಋಣದ ನಮೂದು) ಓದಲಿ, ನೋಂದಣಿಯ ಹಿಂದಿನ ದಿನ ಮತ್ತೊಮ್ಮೆ ತೆಗೆಸಲಿ.